ಸಿಸ್ಟರ್ ಅಣ್ಣನ ಮಷೀನುಗಳು

ನಮ್ಮ ದವಾಖಾನೆಗೆ ಹೊಸ ಮಷೀನು ಬಂದಾಗಲೆಲ್ಲ ಅದರ ಬೆನ್ನಿಗೇ ಒಂದು ನಗೆಯೂ ಬರುತ್ತದೆ. ಮಷೀನು ಕೆಟ್ಟು ಮೂಲೆ ಸೇರಿದ ಮೇಲೂ ನಗೆ ಮಾತ್ರ ಚಾಲೂ ಇರುತ್ತದೆ.

ನಾನು ನರ್ಸು. ಗಂಡು ನರ್ಸು. ನಮ್ಮ ಕಲಬುರಗಿ ಮಂದಿಗೆ ನರ್ಸ್ ಅಂದರೆ ಸಿಸ್ಟರ್, ಅಷ್ಟೇ. ದಪ್ಪ ಮೀಸೆಯ ನನ್ನನ್ನು ಹಾಗೆ ಕರೆಯಲು ಬಾಯಿ ಬರುವುದಿಲ್ಲ, ಬೇರೆ ಹೆಸರೂ ತೋಚುವುದಿಲ್ಲ. ಅದಕ್ಕೇ "ಸಿಸ್ಟರ್ ಅಣ್ಣಾ, ಸಲೈನ್ ಮುಗದದ, ಬರ್ರಿ" ಅಂತ ಕೂಗುತ್ತಾರೆ. ಕೆಲವು ಮುದುಕಿಯರು ಇನ್ನೂ ಮರ್ಯಾದೆ ಸೇರಿಸಿ "ಸಿಸ್ಟರ್ ಅಣ್ಣೋರೆ" ಅನ್ನುತ್ತಾರೆ.

ಕೆಲಸಕ್ಕೆ ಸೇರಿದ್ದು ಕಲಬುರಗಿ ಹತ್ತಿರದ ಕಮಲಾಪುರದಲ್ಲಿ. ಆಗ ಗಾಜಿನ ಸಿರಿಂಜು ಕುದಿಸುತ್ತಿದ್ದೆವು. ಪಾತ್ರೆಯೊಳಗೆ ಅವು ಗಲಗಲ ಅನ್ನುವ ಸದ್ದು ಕೇಳಿದರೆ ಸಾಕು, ಹೊರಗೆ ಬೆಂಚಿನ ಮೇಲೆ ಕೂತವರಲ್ಲಿ ಅರ್ಧ ಮಂದಿ, ಜ್ವರ ತಾನಾಗಿಯೇ ಇಳಿದು, ಮನೆಗೆ ಹೋಗಿಬಿಡುತ್ತಿದ್ದರು. ಪಾದರಸದ ಥರ್ಮಾಮೀಟರ್ ಜಾಡಿಸಿ ಜಾಡಿಸಿ ನನ್ನ ಕೈಗೆ ಎಂಥ ರೂಢಿಯಾಗಿದೆಯೆಂದರೆ, ಇವತ್ತಿಗೂ ಯಾರಾದರೂ ಪೆನ್ನು ಕೊಟ್ಟರೆ ಮೊದಲು ಜಾಡಿಸುತ್ತೇನೆ. ಆಮೇಲೆ ಬಹಳ ವರ್ಷ ಕಲಬುರಗಿಯ ದೊಡ್ಡ ಆಸ್ಪತ್ರೆಯಲ್ಲಿದ್ದೆ. ಈಗ ನಿವೃತ್ತಿ ಹತ್ತಿರ ಬಂದಾಗ ಮತ್ತೆ ಕಮಲಾಪುರಕ್ಕೇ ಹಾಕಿದ್ದಾರೆ. ಆ ಕುದಿಸುವ ಪಾತ್ರೆ ಇದ್ದ ಜಾಗದಲ್ಲಿ ಈಗ ಕಂಪ್ಯೂಟರ್ ಕೂತಿದೆ. ಅದು ಏನು ಸದ್ದು ಮಾಡಿದರೂ ಯಾರ ಜ್ವರವೂ ಇಳಿಯುವುದಿಲ್ಲ.

ಹತ್ತರೊಳಗೆ ಹೇಳಿ

ಕಲಬುರಗಿಯ ವಾರ್ಡಿನಲ್ಲಿ ಮಂಚಕ್ಕೆ ನೇತುಹಾಕುವ ಚಾರ್ಟು ಹೋಗಿ ಗಾಲಿಯ ಕಂಪ್ಯೂಟರ್ ಬಂದ ಹೊಸತು. ರೋಗಿಯ ನೋವು ಎಷ್ಟಿದೆ ಅಂತ ಒಂದರಿಂದ ಹತ್ತರೊಳಗೆ ಕೇಳಿ ಅದರೊಳಗೆ ತುಂಬಬೇಕಿತ್ತು. ಆಗಷ್ಟೇ ಸೇರಿದ್ದ ಮೈಸೂರು ಕಡೆಯ ಹುಡುಗಿಯೊಬ್ಬಳು, ಸೊಂಟದ ಆಪರೇಷನ್ ಆಗಿದ್ದ ಮುತ್ಯಾನ ಹತ್ತಿರ ಹೋಗಿ, "ತಾತ, ನೋವು ಎಷ್ಟಿದೆ?" ಅಂತ ಕೇಳಿದಳು.

"ಬ್ಯಾನಿ ಹನ್ನೆರಡಾಣೆ ಕಮ್ಮಿ ಆಗ್ಯಾದವ್ವಾ" ಅಂದ ಮುತ್ಯಾ.

ಅವಳು ಹನ್ನೆರಡು ಅಂತ ಒತ್ತಿದಳು. ಕಂಪ್ಯೂಟರ್ ಕೆಂಪಗಾಗಿ ಒಲ್ಲೆ ಅಂದಿತು. ಮತ್ತೆ ಒತ್ತಿದಳು, ಮತ್ತೆ ಒಲ್ಲೆ ಅಂದಿತು. ಗಾಬರಿಯಾಗಿ ನನ್ನ ಹತ್ತಿರ ಓಡಿಬಂದು, "ಸರ್, ತಾತನಿಗೆ ಹತ್ತಕ್ಕಿಂತ ಜಾಸ್ತಿ ನೋವಂತೆ!" ಅಂದಳು.

ನಮ್ಮ ಹಳೇ ಮಂದಿಗೆ ಪೂರ್ತಿ ಅಂದರೆ ಹದಿನಾರಾಣೆ, ಹನ್ನೆರಡಾಣೆ ಕಮ್ಮಿ ಅಂದರೆ ಮುಕ್ಕಾಲು ಪಾಲು ಇಳಿದಿದೆ ಅಂತ ತಿಳಿಸಿ ಹೇಳಿದೆ. ಉಳಿದದ್ದು ಕಾಲು ಪಾಲು, ಅಂದರೆ ಹತ್ತಕ್ಕೆ ಎರಡೂವರೆ. ಕಂಪ್ಯೂಟರ್ ಅರ್ಧವನ್ನೂ ಒಲ್ಲೆ ಅಂದಿತು. ಎರಡು ಹಾಕಬೇಕು ಅಂತ ನಾನು, ಮೂರು ಹಾಕೋಣ ಅಂತ ಅವಳು. ಮಂಚದ ಪಕ್ಕದಲ್ಲೇ ನಮ್ಮ ವಾದ ನಡೆಯಿತು.

ಮುತ್ಯಾ ಅಷ್ಟೂ ಹೊತ್ತು ಇಬ್ಬರ ಮುಖವನ್ನೂ ನೋಡುತ್ತ ಮಲಗಿದ್ದ. ಕೊನೆಗೆ ಕೈ ಎತ್ತಿ ಹೇಳಿದ: "ಜಗಳ ಯಾಕ ಮಾಡಾಕತ್ತೀರಿ? ಇಬ್ಬರೂ ಕೂಡಿ ಒಂದು ನಂಬರ್ ಠರಾಯಿಸ್ರಿ. ನಾ ಅಷ್ಟೇ ಬ್ಯಾನಿ ಮಾಡ್ಕೋತೀನಿ."

ಟೈಮ್ ಆಯ್ತು, ಹೊರಗ ನಡೀರಿ

ಮೊದಲೆಲ್ಲ ಸಂಜೆ ರೋಗಿಯನ್ನು ನೋಡಲು ಬಂದವರನ್ನು ಹೊರಗೆ ಕಳಿಸುವುದೇ ನಮಗೆ ದೊಡ್ಡ ಕೆಲಸ. ಒಬ್ಬ ರೋಗಿಗೆ ಒಂದು ಓಣಿ ಬರುತ್ತಿತ್ತು. ಚಾಪೆ, ಟಿಫನ್ ಡಬ್ಬಿ, ಎಲೆ ಅಡಿಕೆ, ಎಲ್ಲ ಬರುತ್ತಿದ್ದವು. ಮಂಚದ ಕೆಳಗೆ ಒಬ್ಬರು ನಿದ್ದೆ ಹೊಡೆಯುತ್ತಿದ್ದರು. ನಾನು ವಾರ್ಡಿನ ಈ ತುದಿಯಿಂದ ಆ ತುದಿಗೆ ಕೂಗುತ್ತ ಹೋಗುತ್ತಿದ್ದೆ. ಆಗ ಸಾಕುಸಾಕಾಗುತ್ತಿತ್ತು. ಈಗ ವಾರ್ಡು ಭಣಭಣ ಅಂದಾಗ ಆ ಗದ್ದಲ ನೆನಪಾಗುತ್ತದೆ.

ಯಾಕೆಂದರೆ ಈಗ ಎಲ್ಲರೂ ಫೋನಿನಲ್ಲೇ ಬರುತ್ತಾರೆ. ರೋಜಾ ಬಡಾವಣೆಯಲ್ಲಿ ಹೂವಿನ ಅಂಗಡಿ ಇಟ್ಟಿದ್ದ ಚಾಚಾ ಒಬ್ಬರು ಹೊಟ್ಟೆ ಆಪರೇಷನ್ ಆಗಿ ಮಲಗಿದ್ದರು. ಸಲೈನ್ ಸ್ಟ್ಯಾಂಡಿಗೆ ಫೋನ್ ಕಟ್ಟಿಸಿಕೊಂಡು ವಿಡಿಯೋ ಹಚ್ಚಿದ್ದರು. ಆ ಕಡೆ ಅವರ ಮನೆಯ ನಡುಮನೆಯಲ್ಲಿ ಹೆಂಡತಿ, ಅಳಿಯಂದಿರು, ಮೊಮ್ಮಕ್ಕಳು, ಬಾಜೂಮನೆಯವರು, ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಪಕ್ಕದ ಮಂಚದವನಿಗೆ ನಿದ್ದೆ ಇಲ್ಲ.

ನನಗೂ ತಲೆ ಕೆಟ್ಟಿತು. ಹಳೇ ರೂಢಿ, ಬಾಯಿಂದ ತಾನಾಗಿ ಬಂದುಬಿಟ್ಟಿತು. "ಟೈಮ್ ಆಯ್ತು! ಎಲ್ಲರೂ ಹೊರಗ ನಡೀರಿ!"

ಫೋನಿನೊಳಗೆ ಒಮ್ಮೆಲೇ ಗಪ್ಪಾಯಿತು. "ಚಲೋ ಚಲೋ, ಟೈಮ್ ಹೋ ಗಯಾ" ಅಂತ ಒಬ್ಬ ಅಳಿಯ ಎದ್ದ. ಅವನ ಹಿಂದೆ ಎಲ್ಲರೂ ಎದ್ದರು. ಚಾಚಾರಿಗೆ ಸಲಾಂ ಹೇಳಿ, ಚಪ್ಪಲಿ ಹುಡುಕಿಕೊಂಡು, ತಮ್ಮದೇ ಮನೆಯಿಂದ ಸಾಲಾಗಿ ಹೊರಗೆ ಹೋದರು.

ಒಬ್ಬ ಮುದುಕಿ ಮಾತ್ರ ಕದಲಲಿಲ್ಲ. ಚಾಚಾರ ಚಿಕ್ಕಮ್ಮನಂತೆ.

"ನೀವ್ಯಾಕ ಕುಂತೀರಿ ಖಾಲಾ?" ಅಂದೆ.

ಆಕೆ ಸೆರಗಿನ ಗಂಟು ಬಿಚ್ಚಿ, ಹಿಂದಿನ ದಿನ ಆಸ್ಪತ್ರೆಯಲ್ಲಿ ಕೊಟ್ಟಿದ್ದ ಚೀಟಿಯನ್ನು ಫೋನಿಗೆ ಹಿಡಿದಳು. "ನಾ ಪೇಶಂಟ್ ಜೋಡಿ ಇರಾಕಿ. ನಂದು ಪಾಸ್ ಅದ!"

ನಡಿಗೆ ಭಾಳ ಛಲೋ ಅದ

ಕಲಬುರಗಿಯ ಗಾಜಿಪುರದಲ್ಲಿ ನಾನು ಬಾಡಿಗೆಗಿದ್ದ ಓಣಿಯಲ್ಲಿ ಒಬ್ಬ ಅಮ್ಮ ಇದ್ದರು. ಎದೆನೋವು ಬಂದು ವಾಸಿಯಾದ ಮೇಲೆ ಡಾಕ್ಟರು ದಿನಾ ನಡೆಯಲೇಬೇಕು ಅಂದರು. ಮಗ ಹೆಜ್ಜೆ ಎಣಿಸುವ ಗಡಿಯಾರ ತಂದು ಕೈಗೆ ಕಟ್ಟಿದ. ಅದರ ಲೆಕ್ಕ ಸೀದಾ ಡಾಕ್ಟರ ಫೋನಿಗೆ, ನನ್ನ ಫೋನಿಗೆ ಬರುತ್ತಿತ್ತು.

ಮುಂದಿನ ಸಲ ತೋರಿಸಲು ಬಂದಾಗ ಡಾಕ್ಟರು ಖುಷಿಯಾಗಿ, "ಭಾಳ ಛಲೋ ನಡೀತೀರಿ ಅಮ್ಮಾ! ದಿನಾ ಎಲ್ಲೀತನಕ ಹೋಗ್ತೀರಿ?" ಅಂದರು.

"ನಾ ಎಲ್ಲಿಗೂ ಹೋಗಂಗಿಲ್ರಿ. ಒಲಿ ಮುಂದ ಕುಂತಿರ್ತೀನಿ."

ಡಾಕ್ಟರು ನನ್ನ ಮುಖ ನೋಡಿದರು. ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಬಾಗಿಲಿಗೆ ಬರುವಾಗಲೇ ಸದ್ದು ಕೇಳಿತು, ಟಪ ಟಪ ಟಪ ಟಪ. ಅಮ್ಮ ಜೋಳದ ರೊಟ್ಟಿ ಬಡಿಯುತ್ತಿದ್ದರು. ಒಂದೊಂದು ಬಡಿತಕ್ಕೂ ಗಡಿಯಾರ ಒಂದೊಂದು ಹೆಜ್ಜೆ ಬರೆದುಕೊಳ್ಳುತ್ತಿತ್ತು. ಮೊದಲು ಈ ಓಣಿಗೆ ಓಣಿಯೇ ಆ ಸದ್ದಿಗೆ ಏಳುತ್ತಿತ್ತು, ಈಗ ಬಹಳ ಮನೆಗಳಲ್ಲಿ ರೊಟ್ಟಿ ಅಂಗಡಿಯಿಂದ ಬರುತ್ತದೆ. ನಾನು ಹೇಳಬೇಕಾದ್ದನ್ನು ಮರೆತು, ಒಂದು ಬಿಸಿ ರೊಟ್ಟಿ, ಪುಂಡಿ ಪಲ್ಯ ತಿಂದು ಆಮೇಲೆ ಹೇಳಿದೆ.

"ಅಮ್ಮಾ, ರೊಟ್ಟಿ ಸೊಸಿ ಮಾಡ್ಲಿ. ನೀವು ಖರೇನೇ ನಡೀರಿ."

ಒಪ್ಪಿದರು. ಸಂಜೆ ಓಣಿಯ ತುದಿತನಕ ಹೋಗಿ ಬರುವುದನ್ನು ನಾನೇ ಕಂಡೆ. ಆದರೆ ಫೋನಿನಲ್ಲಿ ನೋಡಿದರೆ ಹೆಜ್ಜೆಯೆಲ್ಲ ಬೆಳಿಗ್ಗೆಯವೇ. ಹೋಗಿ ಕೇಳಿದೆ.

ಅಮ್ಮ ಒಳಗೆ ಕೇಳದ ಹಾಗೆ ಸಣ್ಣ ದನಿಯಲ್ಲಿ ಹೇಳಿದರು: "ಗಡಿಯಾರ ಸೊಸಿ ಕೈಗಿ ಕಟ್ಟೀನಿ. ರೊಟ್ಟಿ ಆಕಿ ಖರೇನೇ ಬಡೀತಾಳೋ, ಅಂಗಡೀಲಿಂದ ತರ್ತಾಳೋ, ನಿಮ್ಮ ಮಷೀನಿಗಿ ಗೊತ್ತಾಗ್ಬೇಕಲ್ಲ!"

ಡಾಕ್ಟರಿಗಿ ಏನೋ ಆಗ್ಯಾದ!

ಇದು ಮೊನ್ನೆ ಮೊನ್ನೆ ಕಮಲಾಪುರದಲ್ಲಿ ಆದದ್ದು. ಹತ್ತಿರದ ಹಳ್ಳಿಯ ಮುದುಕಿಯೊಬ್ಬಳು ಕೆಮ್ಮು ಅಂತ ಬರುತ್ತಿದ್ದಳು, ನಾವು ಆಯಿ ಅನ್ನುತ್ತಿದ್ದೆವು. ಎದೆಯ ಸದ್ದು ನನಗೆ ಸರಿ ಅನ್ನಿಸಲಿಲ್ಲ. ಕಲಬುರಗಿಗೆ ಹೋಗಿ ಸ್ಕ್ಯಾನ್ ಮಾಡಿಸು ಅಂತ ಬಂದಾಗಲೆಲ್ಲ ಹೇಳಿದೆ, ಗದರಿಸಿದೆ, ಕೈ ಮುಗಿದೆ. "ನಾ ಒಲ್ಲೆ. ಆ ದೊಡ್ಡ ದವಾಖಾನಿ ಅಂದ್ರ ನನಗ ಎದಿ ಧಸಕ್ ಅಂತದ" ಅನ್ನುತ್ತಿದ್ದಳು. ಬರಬರುತ್ತ ಸೊರಗಿ ಕಡ್ಡಿಯಾದಳು. ನನಗೆ ಒಳಗೊಳಗೇ ಅಂಜಿಕೆ.

ಕೊನೆಗೆ ಆಕೆಯನ್ನು ಪರದೆಯ ಮುಂದೆ ಕೂರಿಸಿದೆ. ಕಲಬುರಗಿಯ ಎದೆರೋಗದ ಡಾಕ್ಟರು ಅಲ್ಲಿಂದಲೇ ವಿಡಿಯೋದಲ್ಲಿ ನೋಡುವ ಏರ್ಪಾಡು ನಮ್ಮಲ್ಲಿ ಆಗಿತ್ತು. ಡಾಕ್ಟರ ಮುಖ ಬಂದ ಕೂಡಲೇ ಆಯಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಕೆಮ್ಮು ಬಂದರೆ ಅವರಿಗೆ ತಗಲಬಾರದು ಅಂತ ಗೋಡೆಯ ಕಡೆ ತಿರುಗಿ ಕೆಮ್ಮಿದಳು.

"ಆಯಿ, ನೀವು ಇಲ್ಲಿಗೆ ಬರಲೇಬೇಕು, ಇಲ್ಲಾಂದ್ರ" ಅಂತ ಡಾಕ್ಟರು ಹೇಳುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಪರದೆಯ ಮೇಲೆ ಡಾಕ್ಟರು ಇದ್ದ ಹಾಗೇ ನಿಂತುಬಿಟ್ಟರು. ಬಾಯಿ ಸೊಟ್ಟಗೆ ತೆರೆದಿದೆ, ಒಂದು ಕಣ್ಣು ಮುಚ್ಚಿದೆ, ಕೈ ಮೇಲೆ ಎತ್ತಿದೆ.

ಆಯಿ ಕುರ್ಚಿಯಿಂದ ಹಾರಿ ಎದ್ದಳು. "ಯವ್ವಾ! ಡಾಕ್ಟರಿಗಿ ಲಕ್ವಾ ಹೊಡದದ! ಅಣ್ಣಾ, ಓಡಿ ಬಾರೋ!"

ನಾನು ವೈರು ನೋಡಲು ಮೇಜಿನ ಕೆಳಗೆ ಬಗ್ಗಿದ್ದೆ. ಏಳುವಷ್ಟರಲ್ಲಿ ಆಕೆ ತನ್ನ ಬಾಟಲಿಯ ನೀರನ್ನು ಅಂಗೈಗೆ ಸುರಿದುಕೊಂಡು ಡಾಕ್ಟರ ಮುಖಕ್ಕೆ ಚಿಮುಕಿಸಿಬಿಟ್ಟಳು. ಅದೇ ಗಳಿಗೆಗೆ ನೆಟ್‌ವರ್ಕ್ ಬಂತು. ಡಾಕ್ಟರು ಕಣ್ಣು ಬಿಟ್ಟು, "ಹಾಂ, ಈಗ ಸರಿ ಆಯ್ತು" ಅಂದರು.

"ನೀರು ಹೊಡದ ಮ್ಯಾಲ ಆಗಲಾರದೇನು!" ಅಂದಳು ಆಯಿ. ಅಷ್ಟರಲ್ಲಿ ನೀರು ಒಳಗಿಳಿದು ಪರದೆ ಪೂರ್ತಿ ಕಪ್ಪಾಯಿತು.

ಪರದೆ ಹೋದದ್ದಕ್ಕಿಂತ, ಇದ್ದ ಒಂದು ದಾರಿಯೂ ಮುಚ್ಚಿತಲ್ಲ ಅಂತ ನನಗೆ ಕೆಡುಕೆನಿಸಿತು. ಆದರೆ ಮರುದಿನ ಬೆಳಿಗ್ಗೆ ನೋಡಿದರೆ ಆಯಿ ಇಳಕಲ್ ಸೀರೆ ಉಟ್ಟು, ಕೈಚೀಲದಲ್ಲಿ ನಮ್ಮೂರ ಕೆಂಪು ಬಾಳೆಹಣ್ಣಿನ ಚಿಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ.

"ನಡಿ ಅಣ್ಣಾ, ಕಲಬುರಗಿಗಿ. ಪಾಪ, ಆ ಡಾಕ್ಟರ್ ಹ್ಯಾಂಗ ಅದಾರೋ ಏನೋ, ನೋಡಿ ಬರೋಣು."

ಕೂಡಲೇ ರಜೆ ಹಾಕಿ ಆಕೆಯ ಜೋಡಿ ಬಸ್ಸು ಹತ್ತಿದೆ.

ಡಾಕ್ಟರ ಕೋಣೆಗೆ ಹೋದವಳೇ ಅವರ ಗದ್ದ ಹಿಡಿದು ಮುಖ ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. "ಬಾಯಿ ನೆಟ್ಟಗಾಗ್ಯಾದ. ಒಬ್ಬರೇ ಅದೀರೇನು? ಮನಿಯವರು ಯಾರೂ ಜೋಡಿ ಬಂದಿಲ್ಲೇನು?" ಡಾಕ್ಟರು ಏನೋ ಹೇಳಹೋದರು. "ಮಾತಾಡಬ್ಯಾಡ್ರಿ, ದಣೀತೀರಿ" ಅಂತ ಬಾಳೆಹಣ್ಣು ಸುಲಿದು ಕೈಗಿಟ್ಟಳು. ಅವರು ಹಣ್ಣು ತಿನ್ನುತ್ತ ನನ್ನ ಕಡೆ ನೋಡಿದರು. ನಾನು ಫ್ಯಾನು ನೋಡಿದೆ.

ಸ್ಕ್ಯಾನ್ ಕೋಣೆಯಲ್ಲಿ ಮಾತ್ರ ಹಟ ಹಿಡಿದಳು. "ಮೊದಲ ಅವರು. ಅವರಿಗಿ ಭಾಳ ಆಗಿತ್ತು." ಅಷ್ಟು ದೊಡ್ಡ ಡಾಕ್ಟರು ಬೂಟು ಬಿಚ್ಚಿ, ಬಂದ್ ಇದ್ದ ಮಷೀನಿನ ಮೇಲೆ ಒಂದು ಗಳಿಗೆ ಮಲಗಿ ಎದ್ದರು. ಆಮೇಲೆ ಆಯಿ ತಾನೇ ಹೋಗಿ ಮಲಗಿದಳು.

ಎದೆಯಲ್ಲಿ ಕೀವು ತುಂಬಿತ್ತು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತಂತೆ. ಅಲ್ಲೇ ಇರಿಸಿಕೊಂಡು ವಾಸಿಮಾಡಿದರು. ಬಿಡುಗಡೆಯ ದಿನ ಕರೆದುಕೊಂಡು ಬರಲು ನಾನೇ ಹೋಗಿದ್ದೆ. ಆಯಿಯ ಕೆನ್ನೆ ತುಂಬಿಕೊಂಡಿದ್ದವು. ಡಾಕ್ಟರು ಬಾಗಿಲತನಕ ಬಂದು ಗುಳಿಗೆ ತಪ್ಪಿಸಬೇಡಿ, ತಂಡಿಯಲ್ಲಿ ತಿರುಗಬೇಡಿ ಅಂತ ಹೇಳಿದರು.

ಆಯಿ ಎಲ್ಲದಕ್ಕೂ ತಲೆಯಾಡಿಸಿ, ಅವರ ಕೈ ಹಿಡಿದುಕೊಂಡು ಅಂದಳು: "ನಾನೂ ಒಂದು ಮಾತು ಹೇಳ್ತೀನಿ, ಕೇಳ್ರಿ. ಇನ್ನ ಮ್ಯಾಲ ಆ ಟಿವಿಯೊಳಗ ಭಾಳ ಹೊತ್ತು ಕೂಡಬ್ಯಾಡ್ರಿ. ಒಳಗ ಗಾಳಿ ಆಡಂಗಿಲ್ಲ."