ಇಲ್ಲದ ಮಾಳಿಗೆಗೆ ತೆರಿಗೆ

ನಾವು ಕೊಚ್ಚಿಕೊಳ್ಳುವ ಬಡಾಯಿಯನ್ನು ಅಕ್ಷರಕ್ಕೆ ಅಕ್ಷರ ನಂಬುವವರು ಈ ಲೋಕದಲ್ಲಿ ಬಹಳ ಕಡಿಮೆ. ಹೆಂಡತಿ ನಂಬುವುದಿಲ್ಲ, ಅವಳಿಗೆ ನಮ್ಮ ಬಂಡವಾಳ ಗೊತ್ತು. ಮಕ್ಕಳು ಕೇಳಿಸಿಕೊಳ್ಳುವುದೇ ಇಲ್ಲ, ಅವರ ಕಿವಿಯಲ್ಲಿ ಸದಾ ಏನಾದರೊಂದು ಸಿಕ್ಕಿಕೊಂಡಿರುತ್ತದೆ. ಗೆಳೆಯರು ನಂಬಿದ ಹಾಗೆ ತಲೆಯಾಡಿಸುತ್ತಾರೆ, ಯಾಕೆಂದರೆ ಮುಂದಿನ ಸರದಿ ಅವರದು. ಪೂರ್ತಿಯಾಗಿ, ಮನಃಪೂರ್ವಕವಾಗಿ, ಸೀಲು ಹೊಡೆದು ನಂಬುವವರೆಂದರೆ ಮನೆ ತೆರಿಗೆ ಹಾಕುವವರು ಮಾತ್ರ. ನನ್ನ ಮನೆಗೆ ಮಾಳಿಗೆ ಉಂಟೆಂದು ನಾನೇ ಪೂರ್ತಿ ನಂಬಿರಲಿಲ್ಲ. ಅವರು ನಂಬಿದರು. ನಂಬಿ, ಅಂದಾಜು ಮಾಡಿ, ತೆರಿಗೆಯನ್ನೂ ಹಾಕಿದರು. ಸೌದಿಯ ಖತೀಫಿನಲ್ಲಿ ಟೈಲ್ಸು, ಸಿಂಕು, ನಲ್ಲಿ ಮಾರುವ ಅಂಗಡಿಯಲ್ಲಿ ಕೂತು ಕೂತು ತಲೆ ಬೋಳು ಮಾಡಿಕೊಂಡ ನನ್ನಂಥವನ ಮೇಲೆ ಸರಕಾರ ಇಷ್ಟೊಂದು ವಿಶ್ವಾಸ ಇಟ್ಟದ್ದು ಇದೇ ಮೊದಲು. ಆ ವಿಶ್ವಾಸವನ್ನು ಮುರಿಯಲು ನಾನು ಪಟ್ಟ ಪಾಡನ್ನು ನಿಮ್ಮ ಹತ್ತಿರ ಹೇಳದೆ ಇನ್ಯಾರ ಹತ್ತಿರ ಹೇಳಲಿ?

ಮೊದಲು ಮನೆಯ ವಿಷಯ. ಉಡುಪಿ ಕಡೆಯ ನಮ್ಮೂರಿನಲ್ಲಿ ನಾನು ಚಿಕ್ಕವನಿದ್ದಾಗ ಮಾಳಿಗೆ ಇದ್ದ ಮನೆ ಒಂದೇ. ಆ ಮನೆಯವರಿಗೆ ಬೇರೆ ಹೆಸರೇ ಬೇಕಿರಲಿಲ್ಲ, ‘ಮಾಳಿಗೆಯವರು’ ಎಂದರೆ ಮುಗಿಯಿತು. ಮದುವೆಮನೆಯಲ್ಲಿ ಅವರಿಗೆ ಮೊದಲ ಪಂಕ್ತಿ. ಮೀನು ಮಾರುವವಳು ಸಹ ಅವರ ಗೇಟಿನ ಮುಂದೆ ಸ್ವರ ತಗ್ಗಿಸಿ ಕೂಗುತ್ತಿದ್ದಳು. ಹಾಗಾಗಿ ವೀಸಾ ಕೈಗೆ ಬಂದ ದಿನವೇ ನಾನು ಮನಸ್ಸಿನಲ್ಲಿ ಒಂದು ಮಾಳಿಗೆ ಕಟ್ಟಿ ಮುಗಿಸಿದ್ದೆ. ಮನಸ್ಸಿನಲ್ಲಿ ಕಟ್ಟುವುದಕ್ಕೆ ಸಿಮೆಂಟು ಬೇಡ ನೋಡಿ. ಮುಂದೆ ನಿಜವಾಗಿ ಕಟ್ಟಲು ಹೊರಟಾಗ ಕೆಳಗಿನ ಮನೆಗೆ ತಾರಸಿ ಹಾಕುವಷ್ಟರಲ್ಲಿ ನನ್ನ ಉಸಿರು, ಉಳಿತಾಯ ಎರಡೂ ನಿಂತುಹೋದವು. ನಾನು ಮುಖ ಸಪ್ಪೆ ಮಾಡಿಕೊಂಡು ನಿಂತದ್ದನ್ನು ನೋಡಿ ಕಂಟ್ರಾಕ್ಟರಿಗೆ ಕನಿಕರ ಬಂತು. ‘ಬೇಜಾರು ಎಂತಕ್ಕೆ? ಸದ್ಯಕ್ಕೆ ಮೇಲೆ ಎಲಿವೇಶನ್ ಮಾತ್ರ ಎಬ್ಬಿಸುವ. ರಸ್ತೆಯಲ್ಲಿ ಹೋಗುವವನಿಗೆ ಹಿಂದೆ ಎಂತ ಉಂಟು ಅಂತ ಹೇಗೆ ಗೊತ್ತಾಗ್ತದೆ?’ ಎಂದ. ನನಗೂ ಹೌದೆನಿಸಿತು. ರಸ್ತೆಯ ಕಡೆಗೆ ಒಂದು ಭರ್ಜರಿ ಗೋಡೆ ಎದ್ದಿತು. ಅದಕ್ಕೆ ಸಾಲಾಗಿ ಗಾಜಿನ ಕಿಟಕಿಗಳು, ನಡುವೆ ತೇಗದ ಬಾಗಿಲು, ಬಾಗಿಲ ಮುಂದೆ ಸ್ಟೀಲು ಕಂಬಿಯ ಬಾಲ್ಕನಿ. ಹಿಂದೆ ನೀರಿನ ಟ್ಯಾಂಕು, ಬಟ್ಟೆ ಒಣಗಿಸುವ ಹಗ್ಗ, ಅದರಾಚೆಗೆ ಆಕಾಶ. ಬಣ್ಣ ಬಳಿದ ಮೇಲೆ ಆ ಗೋಡೆ ಎಷ್ಟು ಚೆಂದ ಕಂಡಿತೆಂದರೆ, ಹಿಂದೆ ರೂಮು ಕಟ್ಟುವ ಮಾತು ನನಗೆ ಮರೆತೇಹೋಯಿತು.

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಹುಚ್ಚು ಒಮ್ಮೆ ಹತ್ತಿದರೆ ಅದು ಪೂರ್ತಿ ಹತ್ತಬೇಕು. ಬರೀ ಗಾಜು ಕಂಡರೆ ಜನ ಏನೆಂದುಕೊಂಡಾರು ಎಂದು ಕಿಟಕಿಗಳಿಗೆ ಪರದೆ ಹಾಕಿಸಿದೆ. ಮಳೆಗಾಲದಲ್ಲಿ ಒಳಗಿನಿಂದ ಒದ್ದೆಯಾಗುವ ಪರದೆ ಇಡೀ ಜಿಲ್ಲೆಯಲ್ಲಿ ನಮ್ಮದೊಂದೇ ಇರಬೇಕು. ಕತ್ತಲಾದ ಮೇಲೆ ಕಿಟಕಿ ಬೆಳಗಲಿ ಎಂದು ಒಂದು ಬಲ್ಬನ್ನೂ ಹಾಕಿಸಿದೆ. ಗೃಹಪ್ರವೇಶಕ್ಕೆ ಡ್ರೋನ್ ಹಾರಿಸುವವನನ್ನು ಕರೆಸಿ, ಬಾಲ್ಕನಿಗಿಂತ ಒಂದು ಗೇಣು ಮೇಲೆ ಹೋದರೂ ದುಡ್ಡು ಕೊಡುವುದಿಲ್ಲ ಎಂದು ಮೊದಲೇ ಹೇಳಿಟ್ಟೆ. ಪಾಪ, ಅವನು ಡ್ರೋನನ್ನು ಕೋಳಿ ಹಾರಿಸಿದ ಹಾಗೆ ಹಾರಿಸಿದ. ಆ ವಿಡಿಯೋವನ್ನು ಖತೀಫಿಗೆ ಬಂದ ಮೇಲೆ ನಾನು ಯಾರಿಗೆಲ್ಲ ತೋರಿಸಿದೆ, ಯಾರಿಗೆಲ್ಲ ಕಳುಹಿಸಿದೆ ಎಂದು ಕೇಳಬೇಡಿ. ಯಾರಿಗೆ ತೋರಿಸಲಿಲ್ಲ ಎಂದು ಕೇಳಿದರೆ ಉತ್ತರ ಬೇಗ ಮುಗಿಯುತ್ತದೆ.

ಅದರ ಫಲವೂ ಸಿಕ್ಕಿತು. ಇಲ್ಲಿ ಶುಕ್ರವಾರದ ನಮಾಜು ಮುಗಿದ ಮೇಲೆ ನಾವು ಕರಾವಳಿಯವರೆಲ್ಲ ಇಸ್ಮಾಯಿಲ್ ಸಾಹೇಬರ ಮನೆಯಲ್ಲಿ ಸೇರುವುದು ವಾಡಿಕೆ. ಅವರು ಭಟ್ಕಳದವರು, ಬಟ್ಟೆ ವ್ಯಾಪಾರದಲ್ಲಿ ಕೈ ಪಳಗಿದವರು, ನಮಗೆಲ್ಲ ಹಿರಿಯರು. ನೆಲಕ್ಕೆ ಸುಪ್ರಾ, ಅಂದರೆ ಊಟದ ಹಾಳೆ ಹಾಸಿ, ದೊಡ್ಡ ತಟ್ಟೆಯ ಸುತ್ತ ಕೂತು ಊಟ. ಮೊದಲೆಲ್ಲ ನನ್ನ ಜಾಗ ಬಾಗಿಲ ಹತ್ತಿರ, ಚಪ್ಪಲಿಗಳ ನೆರೆಯಲ್ಲಿತ್ತು. ವಿಡಿಯೋ ತೋರಿಸಿದ ವಾರದಿಂದ ಸಾಹೇಬರು ನನ್ನನ್ನು ಕೈ ಹಿಡಿದು ತಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳತೊಡಗಿದರು. ಹೊಸಬರು ಯಾರಾದರೂ ಬಂದರೆ, ‘ಇವರು ಮಾಳಿಗೆಮನೆ ಹಮೀದ್ ಭಾಯಿ’ ಎಂದು ಪರಿಚಯ ಮಾಡಿಸುವರು, ಮಟನಿನ ಮೆತ್ತನೆಯ ತುಂಡನ್ನು ನನ್ನ ಕಡೆಗೆ ಸರಿಸುವರು. ನಿಜ ಹೇಳಬೇಕೆಂದರೆ ಆ ಜಾಗದಲ್ಲಿ ಕೂತಾಗ ನನಗೆ ಏನೋ ಖುಷಿ. ಜೀವಮಾನವಿಡೀ ಕಾದದ್ದು ಇದಕ್ಕೇ ಎನಿಸುತ್ತಿತ್ತು.

ಹೀಗಿರುವಾಗ ಊರಿನಿಂದ ರಫೀಕನ ಫೋನು. ರಫೀಕ್ ನನ್ನ ಹೆಂಡತಿ ಮೈಮೂನಾಳ ತಮ್ಮ, ನಾವೆಲ್ಲ ಖತೀಫಿನಲ್ಲಿರುವುದರಿಂದ ನಮ್ಮ ಮನೆಯ ಬೀಗದ ಕೈ ಇರುವುದು ಅವನ ಹತ್ತಿರ. ಪಂಚಾಯಿತಿಯವರು ಮನೆಗಳನ್ನು ಹೊಸದಾಗಿ ಅಳೆಯಲು ಬಂದಿದ್ದರಂತೆ. ನಮ್ಮ ಮನೆಗೆ ಬೀಗ. ರಫೀಕ್ ಪೇಟೆಗೆ ಹೋಗಿದ್ದ. ಎದುರು ಮನೆಯಲ್ಲಿ ಇದ್ದದ್ದು ನನ್ನ ಅತ್ತೆ ಒಬ್ಬರೇ. ಅತ್ತೆಗೆ ಮಂಡಿನೋವು, ನಮ್ಮ ಮೆಟ್ಟಿಲನ್ನು ಈವರೆಗೆ ಹತ್ತಿದವರಲ್ಲ, ಆದರೆ ಅಳಿಯನ ಮೇಲೆ ಅಭಿಮಾನ ಬೆಟ್ಟದಷ್ಟು. ಮೇಲೆ ಎಷ್ಟು ರೂಮು ಎಂದು ಪಂಚಾಯಿತಿಯವರು ಕೇಳಿದ್ದೇ ತಡ, ಅತ್ತೆ ಕಿಟಕಿಗೊಂದರಂತೆ ರೂಮು ಲೆಕ್ಕ ಹಾಕಿ, ಪ್ರತಿಯೊಂದಕ್ಕೂ ಒಂದು ಬಾತ್‌ರೂಮು ಜೋಡಿಸಿ, ನೆಲಕ್ಕೆ ಸೌದಿಯ ಟೈಲ್ಸು ಹಾಸಿ, ಒಂದಕ್ಕೆ ಎಸಿಯನ್ನೂ ಕೂರಿಸಿ ಕಳುಹಿಸಿದ್ದಾರೆ. ಬಂದವರಿಗೆ ಚಾ ಕೊಟ್ಟು, ‘ಸರಿಯಾಗಿ ಬರೆದುಕೊಳ್ಳಿ, ಕಡಿಮೆ ಮಾಡಬೇಡಿ’ ಎಂದೂ ಹೇಳಿದರಂತೆ. ತೆರಿಗೆ ಕೇಳಿ ನನಗೆ ಅಂಗಡಿಯ ಎಸಿಯಲ್ಲೂ ಬೆವರು ಬಂತು.

ಪಂಚಾಯಿತಿಗೆ ತಕರಾರು ಕೊಟ್ಟೆವು. ಹೊರಗಿನಿಂದ ಎರಡು ಅಂತಸ್ತು ಸ್ಪಷ್ಟವಾಗಿ ಕಾಣುತ್ತದೆ, ರಾತ್ರಿ ದೀಪವೂ ಉರಿಯುತ್ತದೆ, ಮಾಲೀಕರೇ ಹಂಚಿದ ವಿಡಿಯೋ ಇದೆ ಎಂದು ಅವರು ಅದನ್ನು ತಳ್ಳಿಹಾಕಿದರು. ನನ್ನ ಕೋಳಿ ಡ್ರೋನಿನ ವಿಡಿಯೋ ನನಗೇ ಮುಳುವಾಯಿತು. ಇನ್ನುಳಿದದ್ದು ತಾಲ್ಲೂಕು ಪಂಚಾಯಿತಿಗೆ ಮೇಲ್ಮನವಿ. ಅಲ್ಲಿಯ ಅಧಿಕಾರಿ ಸ್ಥಳಕ್ಕೇ ಬಂದು ನೋಡುತ್ತಾರಂತೆ. ಇಲ್ಲಿ ನನ್ನ ಸಂಕಟ ನಿಮಗೆ ಅರ್ಥವಾಗಬೇಕು. ಮೇಲ್ಮನವಿ ಸೋತರೆ ಇಲ್ಲದ ರೂಮುಗಳಿಗೆ ಸಾಯುವವರೆಗೆ ತೆರಿಗೆ. ಗೆದ್ದರೆ ಮೇಲೆ ಏನೂ ಇಲ್ಲವೆಂದು ಊರಿಗೆಲ್ಲ ಗೊತ್ತಾಗಿ, ಅತ್ತೆಯ ಮುಖ ಸಣ್ಣದಾಗಿ, ನಾನು ಮತ್ತೆ ಚಪ್ಪಲಿಗಳ ಪಕ್ಕಕ್ಕೆ. ವಾರವಿಡೀ ತಲೆ ಕೆರೆದುಕೊಂಡೆ. ಕೊನೆಗೆ ಮೈಮೂನಾ ರೊಟ್ಟಿ ತಟ್ಟುತ್ತಲೇ ತೀರ್ಪು ಕೊಟ್ಟಳು. ‘ಅಲ್ಲ ಮಾರಾಯ್ರೆ, ಗಾಳಿಗೆ ತೆರಿಗೆ ಕಟ್ಟುವುದಕ್ಕೆ ನೀವು ಇಲ್ಲಿ ಬಿಸಿಲಲ್ಲಿ ಸಾಯ್ಬೇಕಾ? ಮರ್ಯಾದೆ ಹೋದ್ರೆ ಒಂದು ಸಲ ಹೋಗ್ತದೆ. ತೆರಿಗೆ ವರ್ಷ ವರ್ಷ ಬರ್ತದೆ.’ ಇದಕ್ಕೆ ಎದುರು ಮಾತು ಆಡುವ ವಕೀಲ ಇನ್ನೂ ಹುಟ್ಟಿಲ್ಲ.

ವಿಚಾರಣೆಯ ದಿನ ವಿಡಿಯೋ ಕರೆಗೆ ಫೋನಿನ ಮುಂದೆ ಕೂರಬೇಕಿತ್ತು. ಅದಕ್ಕೆ ಅರ್ಧ ದಿನ ರಜೆ ಕೇಳಲು ನನ್ನ ಕಫೀಲ್, ಅಂದರೆ ಅಂಗಡಿಯ ಮಾಲೀಕರಾದ ಅರಬಿಯವರ ಹತ್ತಿರ ಹೋದೆ. ಒಳ್ಳೆಯ ಮನುಷ್ಯ, ರಜೆ ಕೊಡುತ್ತಾರೆ, ಆದರೆ ಕಾರಣ ಬೇರುಸಹಿತ ತಿಳಿಯಬೇಕು. ನನ್ನ ಹರಕು ಅರಬಿಯಲ್ಲಿ ಗೋಡೆ ಇದೆ, ಕಿಟಕಿ ಇದೆ, ಬಾಗಿಲು ಇದೆ, ರೂಮು ಇಲ್ಲ ಎಂದು ವಿವರಿಸಿದೆ. ಕಳ್ಳರು ಕದ್ದರೇ ಎಂದು ಅವರು ಗಾಬರಿಯಾದರು. ಇಲ್ಲ, ಮೊದಲಿನಿಂದಲೂ ಇರಲಿಲ್ಲ ಎಂದೆ. ಹಾಗಾದರೆ ಬಾಗಿಲು ಯಾರಿಗೆ ಎಂದರು. ರಸ್ತೆಯಲ್ಲಿ ಹೋಗುವವರಿಗೆ ಎಂದೆ. ಅವರು ನನ್ನ ಹಣೆ ಮುಟ್ಟಿ ನೋಡಿ, ಅರ್ಧ ದಿನ ಸಾಲದು, ಪೂರ್ತಿ ದಿನ ಮನೆಯಲ್ಲಿ ಮಲಗು ಎಂದರು. ಅವರನ್ನು ದೂರುವ ಹಾಗಿಲ್ಲ. ಅವರ ಮನೆಗೆ ನಾನು ಹೋಗಿದ್ದೇನೆ. ಹೊರಗೆ ಮಣ್ಣು ಬಣ್ಣದ ಎತ್ತರದ ಗೋಡೆ, ಒಂದು ಸಾದಾ ಗೇಟು, ಗೋದಾಮು ಎನ್ನಬೇಕು. ಒಳಗೆ ಕಾಲಿಟ್ಟರೆ ರತ್ನಗಂಬಳಿ, ದೀಪದ ಗೊಂಚಲು, ಅರಮನೆ. ಇಲ್ಲಿಯವರು ಗೋಡೆಯ ಹಿಂದೆ ಅರಮನೆ ಬಚ್ಚಿಡುತ್ತಾರೆ. ನಾನು ಅರಮನೆಯ ಗೋಡೆಯೊಂದನ್ನೇ ಕಟ್ಟಿಸಿ ಅದರ ಹಿಂದೆ ಬನಿಯನ್ ಒಣಹಾಕಿದ್ದೇನೆ.

ವಿಚಾರಣೆಗೆ ಬಂದದ್ದು ಒಬ್ಬ ಮೇಡಂ. ಘಟ್ಟದ ಮೇಲಿನವರು, ನಗು ಬಂದರೆ ತುಟಿ ಬಿಗಿಹಿಡಿಯುವ ಸ್ವಭಾವ. ರಫೀಕ್ ಫೋನು ಹಿಡಿದು ಮುಂದೆ ನಡೆದ, ನಾನೂ ಮೈಮೂನಾಳೂ ಖತೀಫಿನಿಂದ ಮೆಟ್ಟಿಲು ಹತ್ತಿದೆವು. ಮೆಟ್ಟಿಲ ತುದಿಯಲ್ಲಿ ರಫೀಕ್ ಅಭ್ಯಾಸಬಲದಿಂದ, ‘ಚಪ್ಪಲಿ ಇಲ್ಲೇ ಬಿಡಿ ಮೇಡಂ’ ಎಂದುಬಿಟ್ಟ. ಅವರು ಪಾಪ, ಬಿಟ್ಟರು. ಬಿಟ್ಟು ಒಳಗೆ ಕಾಲಿಟ್ಟರೆ ಒಳಗು ಎಂಬುದೇ ಇಲ್ಲ. ಕಾದ ತಾರಸಿಯ ಮೇಲೆ ಕುಣಿಯುತ್ತಾ ಹೋಗಿ ಆ ತೇಗದ ಬಾಗಿಲಿನ ಚಿಲಕ ತೆಗೆದು, ಹೊರಗಿನಿಂದ ಹೊರಗೇ ಹೋಗಿ, ಬಾಲ್ಕನಿಯಲ್ಲಿ ನಿಂತು ಸುಧಾರಿಸಿಕೊಂಡರು. ಪರದೆಯನ್ನು ಎರಡೂ ಕಡೆಯಿಂದ ಮುಟ್ಟಿ ನೋಡಿದರು. ಬಲ್ಬಿನ ಸ್ವಿಚ್ಚು ಒತ್ತಿದರು, ಉರಿಯಿತು. ಆಮೇಲೆ ಫೋನಿನ ಕಡೆ ತಿರುಗಿ, ‘ಹಮೀದ್ ಅವರೇ, ಇದು ಮಾಳಿಗೆ ಅಲ್ಲ, ಒಪ್ಪಿದೆ. ಆದರೆ ಹಿಂದೆ ಏನೂ ಇಲ್ಲದೆ, ಜನ ನೋಡಲಿ ಅಂತ ಮಾತ್ರ ನಿಲ್ಲಿಸಿದ್ದಕ್ಕೆ ನಮ್ಮಲ್ಲಿ ಬೇರೆ ತೆರಿಗೆ ಇದೆ. ಜಾಹೀರಾತು ಫಲಕದ ತೆರಿಗೆ. ಅದನ್ನು ಹಾಕಲಾ?’ ಎಂದರು. ಜೊತೆಯಲ್ಲಿ ಬಂದಿದ್ದ ಪಂಚಾಯಿತಿಯವರು ಟ್ಯಾಂಕಿಗೆ ಆತುಕೊಂಡು ನಕ್ಕರು. ಮೈಮೂನಾ ನನ್ನ ಪಕ್ಕದಲ್ಲೇ ಕೂತು ಅವರಿಗಿಂತ ಜೋರಾಗಿ ನಕ್ಕಳು.

ನನಗೆ ನಗು ಬರಲಿಲ್ಲ, ಯಾಕೆಂದರೆ ಆ ಹೊತ್ತಿಗೆ ಕೆಳಗೆ ಅಂಗಳದಿಂದ ಅತ್ತೆಯ ಸ್ವರ ಕೇಳಿಸಿತು. ಊರಿನ ನಾಲ್ಕಾರು ಹೆಂಗಸರನ್ನು ಜೊತೆಗಿಟ್ಟುಕೊಂಡು, ಮುಖ ಮೇಲೆತ್ತಿ ನಿಂತಿದ್ದಾರೆ. ರೂಮುಗಳೆಲ್ಲ ಹೇಗುಂಟು ಮೇಡಂ ಎಂದು ಕೇಳುತ್ತಿದ್ದಾರೆ. ಈಗ ಮೇಡಂ ಆಡುವ ಒಂದು ಮಾತಿಗೆ ಆ ಮುದುಕಿಯ ಅಭಿಮಾನವೆಲ್ಲ ಮಣ್ಣುಪಾಲು. ಮೇಡಂ ಬಾಲ್ಕನಿಯಿಂದ ಬಗ್ಗಿ ನೋಡಿದರು, ಆ ಮುಖವನ್ನು ಕಂಡರು. ಆಮೇಲೆ ಗಂಭೀರವಾಗಿ, ‘ಗಾಳಿ ಬೆಳಕು ಬಹಳ ಚೆನ್ನಾಗಿದೆ ಅಮ್ಮಾ’ ಎಂದರು. ಅತ್ತೆ ಹೆಂಗಸರ ಕಡೆ ತಿರುಗಿ, ‘ನನ್ನ ಅಳಿಯ ಮೊದಲಿಂದಲೂ ಹಾಗೆಯೇ. ಗಾಳಿ ಬೆಳಕಿಗೆ ಎಂತದೂ ಅಡ್ಡ ಇಡುವವನಲ್ಲ’ ಎಂದರು. ಆ ಮೇಡಂ ಎಲ್ಲೇ ಇರಲಿ, ಚೆನ್ನಾಗಿರಲಿ.

ತೆರಿಗೆ ಇಳಿಯಿತು. ಅತ್ತೆಯ ಮಾನ ಉಳಿಯಿತು. ಆದರೆ ನನ್ನದು ಉಳಿಯಬೇಕಲ್ಲ? ಗೆದ್ದ ಸಂಭ್ರಮದಲ್ಲಿ ರಫೀಕ್, ಮೇಡಂ ತಾರಸಿಯಲ್ಲಿ ಕುಣಿಯುವ ಚಿತ್ರಸಮೇತ ಎಲ್ಲವನ್ನೂ, ಫೋನು ಮುಟ್ಟದ ಅತ್ತೆಯೊಬ್ಬರನ್ನು ಬಿಟ್ಟು ಎಲ್ಲರೂ ಇರುವ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಅದು ಗುಂಪಿನಿಂದ ಗುಂಪಿಗೆ ಜಿಗಿದು ನನಗಿಂತ ಮೊದಲೇ ಇಸ್ಮಾಯಿಲ್ ಸಾಹೇಬರ ಮನೆ ತಲುಪಿತ್ತು. ಶುಕ್ರವಾರ ನಾನು ಯಾರೂ ಹೇಳುವ ಮೊದಲೇ ಹೋಗಿ ಚಪ್ಪಲಿಗಳ ಪಕ್ಕದಲ್ಲಿ ಕೂತೆ. ಹಳೆಯ ಜಾಗ, ಹಳೆಯ ವಾಸನೆ. ಸಾಹೇಬರು ದೂರದಿಂದ ನನ್ನನ್ನು ನೋಡಿದರು, ಎದ್ದು ಬಂದರು, ತೋಳು ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಈಗ ಬೈಗುಳ ಶುರು ಎಂದುಕೊಂಡೆ. ಅವರು ನೀರಿನ ನಲ್ಲಿ ತಿರುಗಿಸಿ, ಆ ಸದ್ದಿನ ಮರೆಯಲ್ಲಿ ಕಿವಿಗೆ ಬಾಯಿಟ್ಟು ಕೇಳಿದರು. ‘ಹಮೀದ್ ಭಾಯಿ, ಆ ಮೇಲ್ಮನವಿ ಹೇಗೆ ಬರೆಯೋದು? ನಮ್ಮದೂ ಸ್ವಲ್ಪ ಹಾಗೇ ಉಂಟು.’

ಸ್ವಲ್ಪ ಹಾಗೇ ಇರುವುದು ಅವರದ್ದೊಂದೇ ಅಲ್ಲವೆಂದು ಬರುಬರುತ್ತಾ ತಿಳಿಯಿತು. ಒಬ್ಬರು ಬಕಾಲಾ ಎಂಬ ದಿನಸಿ ಅಂಗಡಿಯಲ್ಲಿ ಅಕ್ಕಿ ಮೂಟೆಗಳ ಹಿಂದೆ ನನ್ನನ್ನು ಹಿಡಿದು ಕೇಳಿದರು, ಇನ್ನೊಬ್ಬರು ತಾಯಿಫಿನಿಂದ ಫೋನು ಮಾಡಿ, ತನ್ನ ಗೆಳೆಯನ ಪರವಾಗಿ ಎಂದರು. ಕರಾವಳಿಯ ಅರ್ಧ ಆಕಾಶಕ್ಕೆ ನಾವೇ ಕಿಟಕಿ ಇಟ್ಟಿದ್ದೇವೆ ಮಾರಾಯ್ರೆ. ನಾನು ಹಿಂದೆಂದೂ ಕಾಣದ ಉತ್ಸಾಹದಲ್ಲಿ ಎಲ್ಲರಿಗೂ ಮನವಿ ಬರೆದುಕೊಟ್ಟೆ. ಸುಪ್ರಾದ ಮೇಲೆ ನನ್ನ ಜಾಗ ವಾಪಸು ಬಂತು, ಮೆತ್ತನೆಯ ತುಂಡು ಈಗ ಎರಡೆರಡು.

ಇಲ್ಲಿಗೆ ಸುಖವಾಗಿ ಮುಗಿಯಬೇಕಿತ್ತು. ಮೊನ್ನೆ ಸಾಹೇಬರ ಮನವಿಯೂ ಗೆದ್ದಿತು. ಖುಷಿಯಲ್ಲಿ ಆದೇಶವನ್ನು ನನಗೇ ಮೊದಲು ಓದಿ ಹೇಳಿದರು. ಮಾಳಿಗೆಯಲ್ಲಿ ಒಂದು ಕೊಠಡಿ ಎಂದಿತ್ತು. ಒಂದು ಕೊಠಡಿ! ಸ್ವಲ್ಪ ಹಾಗೇ ಎಂದದ್ದು ನಿಜಕ್ಕೂ ಸ್ವಲ್ಪವೇ ಎಂದು ನನಗೇನು ಗೊತ್ತು? ನನ್ನ ಆದೇಶದಲ್ಲಿ ‘ನೆಲ ಅಂತಸ್ತು ಮಾತ್ರ’ ಎಂದಿದೆ. ಆ ‘ಮಾತ್ರ’ ರಾತ್ರಿ ಹಗಲೆನ್ನದೆ ನನ್ನನ್ನು ಚುಚ್ಚತೊಡಗಿತು. ಕೊನೆಗೆ ತಡೆಯಲಾರದೆ ಕಂಟ್ರಾಕ್ಟರಿಗೆ ಫೋನು ಮಾಡಿ, ತೆರಿಗೆಯಲ್ಲಿ ಉಳಿದದ್ದನ್ನೂ ಅದರ ನೂರರಷ್ಟನ್ನೂ ಕಳುಹಿಸಿ, ಟ್ಯಾಂಕಿನ ಪಕ್ಕ ಎರಡು ರೂಮು ಎಬ್ಬಿಸಲು ಹೇಳಿದ್ದೇನೆ. ರೂಮಿಗೆ ಹಿಂಬದಿಯಲ್ಲೂ ಗೋಡೆ ಉಂಟು ತಾನೇ ಎಂದು ಮೈಮೂನಾ ವಿಚಾರಿಸಿಕೊಂಡಿದ್ದಾಳೆ. ಕೆಲಸ ಮುಗಿದ ಕೂಡಲೇ ಪಂಚಾಯಿತಿಯವರನ್ನು ಅತ್ತೆಯ ಚಾ ಕುಡಿಯಲು ಕರೆಸುವುದೆಂದು ರಫೀಕನಿಗೂ ಹೇಳಿಯಾಗಿದೆ. ಈ ಸಲ ಏನಾದರೂ ಅವರು ತೆರಿಗೆ ಏರಿಸದೆ ಹೋದರೆ ನಾನು ಸುಮ್ಮನಿರುವವನಲ್ಲ, ಮೇಲ್ಮನವಿ ಹಾಕುವವನೇ.