'ಇಂದೇ' ಎಂಬ ಚೀಟಿ

ಟೇಲರ್ ರಾಮಲಿಂಗಪ್ಪನ ಮನೆ ಹೈಸ್ಕೂಲಿನ ಗೋಡೆಗೆ ತಾಗಿಕೊಂಡಿದ್ದೇ ಅವನ ಗ್ರಹಚಾರ. ಆಡಳಿತ ಮಂಡಳಿಯಲ್ಲಿ ಒಂಬತ್ತು ಮಂದಿ ಇದ್ದರೂ ಶಾಲೆಯ ಬೀಗದ ಕೈ ಕಳೆದರೆ, ಮೈದಾನಕ್ಕೆ ಎಮ್ಮೆ ನುಗ್ಗಿದರೆ, ಮಾಸ್ತರರು ತಮ್ಮತಮ್ಮಲ್ಲೇ ಜಗಳಾಡಿದರೆ ಜನ ಬಂದು ಬಡಿಯುತ್ತಿದ್ದದ್ದು ಅವನ ಬಾಗಿಲನ್ನೇ. ಮದುವೆಯ ಜಂಪರುಗಳು ಹೊಲಿಯದೆ ಗುಡ್ಡೆ ಬಿದ್ದಿದ್ದವು. ಗಿರಾಕಿಗಳು ಒಬ್ಬೊಬ್ಬರಾಗಿ ನೇಸರಗಿಯ ಟೇಲರನ ಕಡೆ ಬಸ್ಸು ಹತ್ತತೊಡಗಿದ್ದರು.

ರಾಜೀನಾಮೆ ಕೊಡೋಣವೆಂದರೆ ಚೇರ್ಮನ್ ಬಸಲಿಂಗಪ್ಪನವರು ಸ್ವಂತ ಮಾವ. ಅವನನ್ನು ಮಂಡಳಿಗೆ ಸೇರಿಸಿದ್ದೂ ಅವರೇ. ಬೇಡವೆಂದರೆ ಹೆಂಡತಿ ಗುರವ್ವ ತವರಿಗೆ ಅವಮಾನವಾಯಿತೆಂದು ಒಲೆ ಹಚ್ಚುವುದನ್ನೇ ಬಿಟ್ಟಾಳು.

ತೊಂಬತ್ತೆಂಟರ ಬೇಸಿಗೆಯಲ್ಲಿ ಹೊಸ ನಿಯಮ ಬಂತು. ಒಂಬತ್ತೂ ಮಂದಿ ಅವಧಿ ಮುಗಿದು ಒಟ್ಟಿಗೆ ಮಂಡಳಿಯಿಂದ ಇಳಿದರೆ ಶಾಲೆಗೆ ದಿಕ್ಕಿಲ್ಲದಂತಾಗುತ್ತದೆ. ಆದ್ದರಿಂದ ವರ್ಷಕ್ಕೆ ಮೂವರಂತೆ ಇಳಿಯಬೇಕು. ಯಾರು ಯಾವಾಗ ಎಂಬುದು ಚೀಟಿ ಎತ್ತಿ ತೀರ್ಮಾನ. ಮೂರು ಚೀಟಿಯಲ್ಲಿ 'ಇಂದೇ', ಮೂರರಲ್ಲಿ 'ಒಂದು ವರ್ಷ', ಉಳಿದವುಗಳಲ್ಲಿ 'ಎರಡು ವರ್ಷ'. ರಾಮಲಿಂಗಪ್ಪನಿಗೆ ದೇವರೇ ಬಾಗಿಲು ತೆರೆದಂತಾಯಿತು.

ಸಭೆಯ ದಿನ ಮುಂಜಾನೆಯೇ ಶಾಲೆಯ ಗುಮಾಸ್ತ ಸಿದ್ಧಾರೂಢನನ್ನು ಹಿಡಿದ.

"ತಮ್ಮಾ, 'ಇಂದೇ' ಅನ್ನೂ ಒಂದ ಚೀಟಿಯೊಳಗ ಈ ಕೆಂಪ ದಾರಾ ಸಿಗಸು. ತುದಿ ಅಷ್ಟ ಹೊರಗ ಇರ್ಲಿ. ನಿನಗೊಂದ ಪ್ಯಾಂಟ ಹೊಲದ ಕೊಡತೇನಿ."

"ಎರಡ ಹೊಲೀರಿ," ಎಂದ ಸಿದ್ಧಾರೂಢ.

ದಾರಿಯಲ್ಲಿ ಪಕ್ಕದ ಮನೆಯ ರಾಯಪ್ಪ ಅಡ್ಡ ಬಂದ. ಅವನೂ ಮಂಡಳಿಯವನೇ. "ಹೆದರಬ್ಯಾಡ್ರಿ ಟೇಲರ್, ನೀವು ಇಳೀಬಾರ್ದಂತ ಹಣಮಪ್ಪಗ ಕಾಯಿ ಒಡಿಸೇನಿ. ನೀವು ಹ್ವಾದ್ರ ಎಮ್ಮಿ ಹೊಡಿಯಾವ್ರು ಯಾರ್ರಿ?"

ಸಭೆಯಲ್ಲಿ ತಾಟಿನ ತುಂಬ ಚೀಟಿಗಳು ಬಂದವು. ಕೆಂಪು ದಾರದ ತುದಿ ಕಂಡು ರಾಮಲಿಂಗಪ್ಪನ ಮುಖ ಅರಳಿತು. ರಾಯಪ್ಪನ ಕಣ್ಣಿಗೂ ಅದು ಬಿತ್ತು.

"ಇದೇನ್ರಿ, ಚೀಟಿಗೆ ಕಸಾ ಹತ್ತೇತಿ!" ಎಂದು ದಾರವನ್ನು ಎಳೆದು ಊದಿ, ತಾಟನ್ನು ನಾಲ್ಕು ಸಲ ಕುಲುಕಿಯೇ ಬಿಟ್ಟ.

ಇನ್ನು ಯಾವ ಚೀಟಿ ಯಾವುದೋ! ರಾಮಲಿಂಗಪ್ಪ ಕಣ್ಣು ಮುಚ್ಚಿ ಒಂದನ್ನು ಎತ್ತಿದ. ಬಿಡಿಸಿದರೆ 'ಇಂದೇ'!

ಸಂತೋಷಕ್ಕೆ ಪಾಪ ಅವನ ಕಣ್ಣಲ್ಲಿ ನೀರು ಬಂತು.

"ಅಳಿಯಾರ, ಸಾಲಿ ಮ್ಯಾಲ ನಿಮಗ ಇಷ್ಟ ಜೀವ ಐತಿ ಅಂತ ನನಗ ಗೊತ್ತಿರಲಿಲ್ಲ," ಎಂದು ಮಾವನವರು ಕಣ್ಣೊರೆಸಿಕೊಳ್ಳಲು ತಮ್ಮ ಹೆಗಲ ಮೇಲಿನ ವಸ್ತ್ರವನ್ನೇ ಕೊಟ್ಟರು.

ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಮಾವನಿಗೆ ಸಂಶಯ ಬರಬಾರದೆಂದು ಅವನು ಇನ್ನೊಂದಿಷ್ಟು ಬಿಕ್ಕಿದ. "ಏನ್ ಮಾಡೂದ್ರಿ ಮಾವಾರ, ಸಾಲೀ ಸೇವಾ ಮಾಡೂ ಪುಣ್ಯೇ ನನಗಿಲ್ಲ."

ಬಸಲಿಂಗಪ್ಪನವರು ಚಷ್ಮಾ ಏರಿಸಿ ನಿಯಮದ ಹಾಳೆ ತಿರುವಿದರು. "ಯಾಕಿಲ್ಲ? ಖಾಲಿ ಆದ ಜಾಗಾ ಇವತ್ತ ತುಂಬಬೇಕಂತ ಬರದಾರ. ಇಳದಾವ್ರನ್ನೂ ಮತ್ತ ಆರಸಬಹುದು. ಹೊಸದಾಗಿ ಬಂದಾವ್ರಿಗೆ ಪೂರಾ ಮೂರ ವರ್ಷ!"

"ಟೇಲರ್ ರಾಮಲಿಂಗಪ್ಪ!" ಎಂದು ರಾಯಪ್ಪ ಎಲ್ಲರಿಗಿಂತ ಮೊದಲು ಕೂಗಿದ. ಎಂಟೂ ಕೈಗಳು ಒಟ್ಟಿಗೆ ಮೇಲೆದ್ದವು. ಉಳಿದವರಿಗೆ ಹೆಚ್ಚೆಂದರೆ ಎರಡು ವರ್ಷ. ಇಳಿಯಲು ಹೊರಟವನಿಗೆ ಮೂರು.

ರಾಮಲಿಂಗಪ್ಪ ವಸ್ತ್ರದಲ್ಲಿ ಮುಖ ಮುಚ್ಚಿಕೊಂಡು, ಈ ಸಲ ನಿಜವಾಗಿ ಅತ್ತ.

"ನೋಡ್ರಿ, ನೋಡ್ರಿ," ಎಂದ ರಾಯಪ್ಪ, ತನ್ನ ಕಣ್ಣನ್ನೂ ಒರೆಸಿಕೊಳ್ಳುತ್ತ, "ಮನಶ್ಯಾ ಖುಷಿಗೆ ಹೆಂಗ ಅಳಾಕತ್ತಾನ!"