ಬೆನ್ನ ಮೇಲಿನ ಅಂಬಾರಿ

ನಮ್ಮ ಕಡೆ ಹೆಣ್ಣು ನೋಡಿ ಗೊತ್ತು ಮಾಡಲು ಒಂದು ಮಧ್ಯಾಹ್ನ ಸಾಕು. ನಮ್ಮಪ್ಪ ನನಗೆ ನೀಲಗಂಗಾಳನ್ನು ಒಪ್ಪಿದ್ದು ತಟ್ಟೆಯಲ್ಲಿದ್ದ ಉಪ್ಪಿಟ್ಟು ಮುಗಿಯುವ ಮೊದಲೇ. ಆದರೆ ಬೆನ್ನಿಗೆ ಹಾಕಿಕೊಳ್ಳುವ ಒಂದು ಬ್ಯಾಗನ್ನು ಆರಿಸಲು ನನಗೆ ಇಡೀ ಬೇಸಿಗೆ ಹಿಡಿಯಿತು. ಇದನ್ನು ನೀಲಗಂಗಾಳಿಗೆ ಹೇಳಿದರೆ, "ಬ್ಯಾಗನ್ನ ವಾಪಸ್ ಕೊಡಬಹುದಲ್ಲ ರೀ, ಅದಕ್ಕೇ ಅಷ್ಟು ಯೋಚನೆ" ಎಂದಳು. (ಯಾರನ್ನು ವಾಪಸ್ ಕೊಡಲಾಗದೆ ಉಳಿಸಿಕೊಂಡದ್ದು ಎಂದು ನಾನು ಕೇಳಲಿಲ್ಲ. ಕೇಳದೆ ಇರುವುದು ಸಂಸಾರ ನನಗೆ ಕಲಿಸಿದ ಒಂದೇ ವಿದ್ಯೆ.)

ಉಳಿದ ವಿದ್ಯೆಯನ್ನೆಲ್ಲ ನನಗೆ ನಾನೇ ಕಲಿಸಿಕೊಂಡೆ. ಅಮೆರಿಕದ ಸ್ಟರ್ಲಿಂಗ್‌ನಲ್ಲಿ ಟೈರ್ ಅಂಗಡಿ ನಡೆಸಿದವನು ನಾನು, ದಾನಪ್ಪ. ತಿಪಟೂರು ಬಿಟ್ಟಾಗ ನನಗೆ ಬರುತ್ತಿದ್ದ ಇಂಗ್ಲಿಷು 'ಯೆಸ್' ಮತ್ತು 'ನೋ' ಮಾತ್ರ. ಅವೂ ಅದಲುಬದಲಾಗಿ ಬೀಳುತ್ತಿದ್ದವು. ಮಿಕ್ಕದ್ದನ್ನು ಗಿರಾಕಿಗಳ ಬೈಗುಳದಿಂದ ಕಲಿತೆ. ಕೊರೊನಾ ಬಂದ ವರ್ಷ ಯಾರ ಕಾರೂ ಓಡಲಿಲ್ಲ, ಯಾರ ಟೈರೂ ಸವೆಯಲಿಲ್ಲ. ಅಂಗಡಿಯಲ್ಲಿ ಕೂತು ಕೂತು ಬೇರು ಬಿಡುವ ಹಾಗಾದಾಗ ಒಂದು ರೈಫಲ್ ಕೊಂಡು ಊರಾಚೆಯ ರೇಂಜಿಗೆ ಹೋಗಿ ಗುರಿ ಹೊಡೆಯುವುದನ್ನು ಅಭ್ಯಾಸ ಮಾಡಿದೆ. ಕಣ್ಣು, ಉಸಿರು, ಬೆರಳು ಮೂರನ್ನೂ ಒಂದೇ ನೊಗಕ್ಕೆ ಹೂಡುವ ಕೆಲಸ ಅದು. ಹೂಡಿದೆ. ಆಮೇಲೆ ಅಂಗಡಿಯ ಬಾಗಿಲು ಹಾಕಿದೆ, ರೈಫಲ್ ಉಳಿಯಿತು.

ಆದರೆ ಹೊಲವನ್ನು ಎಷ್ಟೇ ನೀಟಾಗಿ ಉತ್ತರೂ ಬದುವಿನ ಮೇಲೆ ನಿಂತು ನೋಡುವವರೊಬ್ಬರು ಬೇಡವೇ? ಶನಿವಾರ ಶನಿವಾರ ರೇಂಜಿನಲ್ಲಿ, ದೂರದ ಕಬ್ಬಿಣದ ತಟ್ಟೆಗೆ ಗುಂಡು ಬಡಿದು 'ಟಣ್' ಎಂದಾಗ ನನ್ನ ತಲೆ ತಾನಾಗಿ ಹಿಂದಕ್ಕೆ ತಿರುಗುತ್ತಿತ್ತು. ಹಿಂದೆ ಒಂದು ಖಾಲಿ ಬೆಂಚು. ಆ ಬೆಂಚಿನ ಮೇಲೆ ನೀಲಗಂಗಾ ಒಂದೇ ಒಂದು ಸಲ ಕೂತು, "ಪರವಾಗಿಲ್ಲ ಕಣ್ರೀ" ಎಂದುಬಿಟ್ಟರೆ ನನ್ನ ಜನ್ಮ ಸಾರ್ಥಕ ಎನಿಸುತ್ತಿತ್ತು. ಟೈರ್ ಅಂಗಡಿಗೆ ಅವಳು ಬಂದಾಗಲೆಲ್ಲ ನನ್ನ ಮೈಗೆ ಗ್ರೀಸು, ಕೈಗೆ ಮಸಿ. ನಾನು ಚೆನ್ನಾಗಿ ಮಾಡುವ ಒಂದು ಚೊಕ್ಕಟ ಕೆಲಸವನ್ನು ಅವಳು ಇವತ್ತಿಗೂ ಕಣ್ಣಾರೆ ಕಂಡಿಲ್ಲ.

ಆಗ ಬಂತು ನಾರ್ತ್ ಕೆರೊಲೈನಾದ ಮ್ಯಾಚಿನ ಸುದ್ದಿ. ತಂದವನು ಜಬ್ಬಾರ್, ಮೈಸೂರಿನವನು, ಆಶ್‌ಬರ್ನ್‌ನ ಡೇಟಾ ಸೆಂಟರಿನಲ್ಲಿ ಕೆಲಸ, ರೇಂಜಿನಲ್ಲಿ ನನ್ನ ಜೊತೆಗಾರ. ಪ್ರಿಸಿಷನ್ ರೈಫಲ್ ಮ್ಯಾಚ್ ಎಂದರೆ ಒಂದೇ ಕಡೆ ಮಲಗಿ ಢಂ ಅನ್ನಿಸುವುದಲ್ಲ. ಇಲ್ಲಿ ಪೀಪಾಯಿಗೆ ಆನಿಸಿ ಹೊಡೆ, ಅಲ್ಲಿ ಮರದ ದಿಮ್ಮಿಗೆ ಆನಿಸಿ ಹೊಡೆ, ಮೇಲೆ ಗಡಿಯಾರ ಬೇರೆ ಓಡುತ್ತಿರುತ್ತದೆ. ಒಂದು ಕಡೆ ಮುಗಿದರೆ ಸಾಮಾನನ್ನೆಲ್ಲ ಬೆನ್ನಿಗೇರಿಸಿ ಗುಡ್ಡ ಹತ್ತಿ ಮುಂದಿನ ಜಾಗಕ್ಕೆ ನಡೆಯಬೇಕು. ಒಟ್ಟಿನಲ್ಲಿ ಬಂದೂಕು ಹಿಡಿದ ಪರಿಷೆ. ಇದನ್ನು ಬಿಟ್ಟರೆ ನೀಲಗಂಗಾಳಿಗೆ ತೋರಿಸಲು ಬೇರೆ ಯಾವ ಮುಹೂರ್ತ?

"ನಾನು ಬಂದು ಏನ್ರೀ ಮಾಡ್ಲಿ ಅಲ್ಲಿ?" ಎಂದಳು, ಮೆಂತ್ಯದ ಸೊಪ್ಪು ಬಿಡಿಸುತ್ತ.

"ನಾನು ಹೊಡೆಯೋದನ್ನ ನೋಡೇ."

"ಬಡಾಯಿ ಹೊಡೆಯೋದನ್ನ ದಿನಾ ನೋಡ್ತಿಲ್ವಾ? ಅಷ್ಟೇ ಸಾಕು ನನಗೆ."

"ಒಂದೇ ಒಂದ್ ಸಲ ಕಣೆ."

ನನ್ನ ದನಿ ಎಲ್ಲೋ ಸ್ವಲ್ಪ ಇಳಿಯಿತೇನೋ. ಅವಳು ಸೊಪ್ಪು ಬಿಟ್ಟು ನನ್ನ ಮುಖ ನೋಡಿದಳು.

"ಮಂಡಿ ನೋವು. ಕೂತ್ಕೊಳ್ಳೋಕೆ ಸ್ಟೂಲ್ ಬೇಕು. ಬಿಸ್ಲಿಗೆ ಛತ್ರಿ, ಫ್ಲಾಸ್ಕಲ್ಲಿ ಕಾಫಿ, ಬಾಯಾಡ್ಸೋಕೆ ಏನಾದ್ರೂ. ಇದರಲ್ಲಿ ಒಂದನ್ನೂ ನಾನು ಹೊರಲ್ಲ."

"ನಾನು ಹೊರ್ತೀನಿ."

"ಬಂದೂಕು ಹೊರ್ತೀರೋ, ನನ್ನ ಸಾಮಾನು ಹೊರ್ತೀರೋ?"

"ಎರಡೂ."

ಹೀಗೆ ಆರಂಭವಾಯಿತು ಬ್ಯಾಗಿನ ಮಹಾಶೋಧ. ನಮ್ಮಪ್ಪ ದನದ ಸಂತೆಯಲ್ಲಿ ಎತ್ತು ಆರಿಸುತ್ತಿದ್ದ ಕ್ರಮದಲ್ಲೇ ನಾನು ಬ್ಯಾಗು ನೋಡಿದೆ: ಹಲ್ಲು, ಹೆಗಲು, ನಡಿಗೆ. (ಜಿಪ್ಪಿಗೂ ಹಲ್ಲುಂಟು. ಬಾಯಿ ಬಿಡಿಸಿ ನೋಡದೆ ಕೊಂಡವನು ಕೆಟ್ಟ.) ಮೊದಲನೆಯದು ಬೇಟೆಗಾರರ ಬ್ಯಾಗು. ಖಾಲಿ ರೈಫಲನ್ನು ಸಿಕ್ಕಿಸಿ ಬೆನ್ನಿಗೇರಿಸಿದರೆ ನಳಿಗೆ ನನ್ನ ತಲೆಗಿಂತ ಮೊಳ ಮೇಲೆ. ಪಡಸಾಲೆಯಿಂದ ಗಾಂಭೀರ್ಯದಿಂದ ಹೊರಟವನು ಮುಂಬಾಗಿಲ ಪ್ಲಾಸ್ಟಿಕ್ ತೋರಣವನ್ನು ಪೂರ್ತಿಯಾಗಿ ಕಿತ್ತುಕೊಂಡು ಮದುವಣಿಗನ ಹಾಗೆ ನಿಂತೆ. ಎರಡನೆಯದು ಕಪ್ಪು ಬಣ್ಣದ್ದು, ಸಿಪಾಯಿಗಳ ಮಾದರಿ, ಪಟ್ಟಿಗೊಂದು ಪಟ್ಟಿ, ಕೊಂಡಿಗೊಂದು ಕೊಂಡಿ. ಹಾಕಿಕೊಂಡದ್ದೇ ಸರಿ, ಬಿಚ್ಚಲು ಬರಲಿಲ್ಲ. ನೀಲಗಂಗಾ ಬಂದು, ಕರುವಿನ ಕಣ್ಣಿ ಬಿಚ್ಚುವ ಹಾಗೆ ಒಂದೊಂದೇ ಬಿಡಿಸಿ, "ಊಟಕ್ಕೆ ಬನ್ನಿ" ಎಂದು ಬೆನ್ನು ತಟ್ಟಿ ಕಳಿಸಿದಳು. ಮೂರನೆಯದರಲ್ಲಿ ರೈಫಲ್ ಕೂರುತ್ತಿತ್ತು, ಸ್ಟೂಲ್ ಕೂರುತ್ತಿರಲಿಲ್ಲ. ಸ್ಟೂಲ್ ಇಲ್ಲದೆ ನೀಲಗಂಗಾ ಇಲ್ಲ. ನೀಲಗಂಗಾ ಇಲ್ಲದ ಮೇಲೆ ಮ್ಯಾಚು ಯಾಕೆ? ತರುವುದು, ವಾಪಸ್ ಮಾಡುವುದು, ತರುವುದು, ವಾಪಸ್ ಮಾಡುವುದು. ಅಂಗಡಿಯ ಕೌಂಟರಿನ ಹುಡುಗಿ ನನ್ನನ್ನು ಕಂಡೊಡನೆ ಕೇಳುವುದನ್ನೇ ಬಿಟ್ಟು ರಸೀದಿಗೆ ಕೈ ಚಾಚುತ್ತಿದ್ದಳು.

ಕೊನೆಗೆ ಸಿಕ್ಕಿತು. ಆಹಾ, ಏನು ಹೇಳಲಿ! ಒಣಹುಲ್ಲಿನ ಬಣ್ಣ. ನೆಲಕ್ಕಿಟ್ಟರೆ ಒರಗದೆ ತಾನೇ ನಿಲ್ಲುವ ಸ್ವಾಭಿಮಾನಿ. ನಡುವಿನ ಜಿಪ್ ಎಳೆದರೆ ಸೂಟ್‌ಕೇಸಿನ ಹಾಗೆ ಇಬ್ಭಾಗವಾಗಿ ತೆರೆದು ಒಡಲನ್ನೆಲ್ಲ ತೋರಿಸುತ್ತದೆ. ರೈಫಲ್ಲಿಗೆ ಪಕ್ಕದಲ್ಲಿ ಮಡಿಲು. ಗುಂಡಿನ ಡಬ್ಬಿಗೆ, ದುರ್ಬೀನಿಗೆ, ರೈಫಲ್ ಆನಿಸುವ ಪುಟ್ಟ ದಿಂಬಿಗೆ ಒಂದೊಂದು ಮನೆ. ಸೊಂಟಕ್ಕೊಂದು ಅಗಲ ಪಟ್ಟಿ. ಬಿಗಿದರೆ ಭಾರವೆಲ್ಲ ಹೆಗಲು ಬಿಟ್ಟು ಸೊಂಟಕ್ಕಿಳಿಯುತ್ತದೆ. ಜೇಬುಗಳಂತೂ ಜೇಬಿನೊಳಗೆ ಜೇಬು, ಅದರೊಳಗೆ ಮರಿಜೇಬು. ಎಲ್ಲಕ್ಕಿಂತ ಮುಖ್ಯ, ತಳದಲ್ಲಿ ಎರಡು ಕುಣಿಕೆ: ಮಡಿಸಿದ ಸ್ಟೂಲ್ ಅಳತೆ ಕೊಟ್ಟು ಮಾಡಿಸಿದ ಹಾಗೆ ಅಲ್ಲಿ ಕೂತಿತು. ಅವತ್ತು ಊಟ ಮಾಡುವಾಗಲೂ ಅದನ್ನು ಎದುರಿಗೇ ನಿಲ್ಲಿಸಿಕೊಂಡಿದ್ದೆ.

ನಡಿಗೆ ಪರೀಕ್ಷೆಯೊಂದು ಬಾಕಿ. ರೈಫಲ್ ಹೊತ್ತು ಬೀದಿಯಲ್ಲಿ ಹೊರಟರೆ ಊರೇ ಹೌಹಾರುತ್ತದೆ. ಆದ್ದರಿಂದ ಸೋನಾಮಸೂರಿಯ ಚೀಲವನ್ನೇ ಬ್ಯಾಗಿನೊಳಗೆ ಕೂರಿಸಿ, ಸಂಜೆ ಸಂಜೆ ನಮ್ಮ ಟೌನ್‌ಹೌಸುಗಳ ಸುತ್ತ ನಡೆಯತೊಡಗಿದೆ. ಒಂದು ವಾರವಾಗಿರಬೇಕು, ಪಕ್ಕದ ಮನೆಯ ರಚನಾ ಓಡಿ ಬಂದಳು.

"ಆಂಟಿ, ಎವೆರಿಥಿಂಗ್ ಓಕೆನಾ? ದಾನಪ್ಪ ಅಂಕಲ್ ದಿನಾ ಲಗೇಜ್ ಎತ್ಕೊಂಡು ಮನೆ ಬಿಟ್ ಹೋಗ್ತಿದಾರೆ. ಪಾಪ, ಕಾರ್ನರ್‌ವರೆಗೂ ಹೋಗಿ ವಾಪಸ್ ಬರ್ತಾರೆ. ನಮ್ಮ ವಾಟ್ಸ್ಯಾಪ್ ಗ್ರೂಪಲ್ಲಿ ಎಲ್ಲಾ ವರಿ ಮಾಡ್ಕೊಂಡಿದಾರೆ."

"ಎಲ್ಲಿಗ್ ಹೋಗ್ತಾರೆ ಬಿಡಮ್ಮ," ಎಂದಳು ನೀಲಗಂಗಾ. "ಬೆನ್ನ ಮೇಲಿನ ಅಂಬಾರಿಯೊಳಗೆ ನಮ್ಮನೆ ಅಕ್ಕಿ ಇದೆ. ಅನ್ನಕ್ಕಿಡೋ ಹೊತ್ತಿಗೆ ಬಂದೇ ಬರ್ತಾರೆ."

ಜಬ್ಬಾರನೂ ಬಂದು ಬ್ಯಾಗಿನ ದರ್ಶನ ಪಡೆದ.

"ಅಂಕಲ್, ಬ್ಯಾಗ್ ಸೂಪರ್. ಆದ್ರೆ ಮ್ಯಾಚ್‌ಗೆ ಅಂತ ನೀವು..."

"ಜಬ್ಬಾರ್, ಮ್ಯಾಚ್ ವಿಷ್ಯ ನನಗೆ ಹೇಳ್ಕೊಡಬೇಡ. ಯಾರನ್ನೂ ಕೇಳಿ ಕಲಿತವನಲ್ಲ ನಾನು."

"ಹೇಳ್ಕೊಡ್ತಿಲ್ಲ ಅಂಕಲ್, ಒಂದೇ ಒಂದ್ ಮಾತು ಕೇಳ್ಬೇಕಿತ್ತು..."

"ಬ್ಯಾಗ್ ಬೇಕಾದ್ರೆ ಇನ್ನೊಂದ್ಸಲ ನೋಡು. ಮಾತು ಬೇಡ."

ಒಳ್ಳೆಯ ಮನೆಯ ಹುಡುಗ. ಇನ್ನೊಂದು ಸಲ ನೋಡಿ ಹೋದ.

ಅಕ್ಟೋಬರಿನಲ್ಲಿ ಹೊರಟೆವು. ನೀಲಗಂಗಾ ಇಳಕಲ್ ಸೀರೆ ಉಟ್ಟು ಕಾಲಿಗೆ ಓಟದ ಬೂಟು ಹಾಕಿದ್ದಳು. ರಾತ್ರಿ ಮೋಟೆಲ್ಲಿನಲ್ಲಿ ತಂಗಿ ಬೆಳಿಗ್ಗೆ ಮೈದಾನ ತಲುಪಿದಾಗ ಕೆಂಪು ಗುಡ್ಡ, ಕೆಂಪು ದಾರಿ, ಕೆಂಪು ಧೂಳು. "ಅಯ್ಯೋ, ನಮ್ಮೂರ ಮಣ್ಣು ರೀ!" ಎಂದು ಬಗ್ಗಿ ಚಿಟಿಕೆ ಮಣ್ಣನ್ನು ಮುಟ್ಟಿ ನೋಡಿದಳು. ನನ್ನ ಕಣ್ಣು ತುಂಬಿಬಂತು. (ಸೊಂಟದ ಪಟ್ಟಿಯನ್ನು ತುಸು ಹೆಚ್ಚೇ ಬಿಗಿದಿದ್ದೆ, ಅದೂ ಇರಬಹುದು.) ಅವಳನ್ನು ಮರದ ನೆರಳಿನಲ್ಲಿ ಸ್ಟೂಲ್ ಹಾಕಿ ಕೂರಿಸಿ, ಡೇರೆಯ ಕೆಳಗೆ ಕೂತಿದ್ದ ಬಿಳಿಗಡ್ಡದ ಮ್ಯಾಚ್ ಡೈರೆಕ್ಟರ್ ಬಳಿ ಹೋಗಿ ಎದೆಯುಬ್ಬಿಸಿ ಹೆಸರು ಹೇಳಿದೆ.

ಗಡ್ಡದವನು ಫೋನು ತೀಡಿದ. ಮತ್ತೆ ತೀಡಿದ. "ಸರ್, ರಿಜಿಸ್ಟರ್ ಮಾಡಿದ್ದೀರಾ?" ಎಂದು ಇಂಗ್ಲಿಷಿನಲ್ಲಿ ಮೆತ್ತಗೆ ಕೇಳಿದ.

ಇಲ್ಲಿ ನನ್ನ ಜನದ ಪರವಾಗಿ ಒಂದು ಮಾತು ಹೇಳಲೇಬೇಕು. ನಮ್ಮ ಯುಗಾದಿ ಊಟಕ್ಕೆ, "ಬರುವವರು ದಯವಿಟ್ಟು ಮೊದಲೇ ಹೆಸರು ಕೊಡಿ" ಎಂದು ಕನ್ನಡ ಸಂಘದವರು ತಿಂಗಳಿಂದ ಅಂಗಲಾಚುತ್ತಾರೆ. ಕೊಟ್ಟವರುಂಟೇ? ನೇರವಾಗಿ ಹೋಗಿ ಸಾಲಿನಲ್ಲಿ ನಿಲ್ಲುತ್ತೇವೆ, ಎಲೆಗೆ ಹೋಳಿಗೆ ಬಂದೇ ಬರುತ್ತದೆ. ಸಾಲದಿದ್ದರೆ ಬಡಿಸುವವನು ತನ್ನ ಪಾಲಿನದನ್ನೇ ಹಾಕಿ, "ಇನ್ನೊಂದು ತಗೊಳ್ಳಿ" ಎನ್ನುತ್ತಾನೆ. ಹೆಸರು ಕೊಟ್ಟು ಊಟಕ್ಕೆ ಹೋಗುವುದು ಆಸ್ಪತ್ರೆಗೆ ಹೋದ ಹಾಗೆ. ಮ್ಯಾಚೂ ಅಂಥದ್ದೇ ಎಂದುಕೊಂಡಿದ್ದೆ ನಾನು! ಇಲ್ಲಿನ ಜಾಗಗಳೆಲ್ಲ ಬೇಸಿಗೆಯಲ್ಲೇ, ನಾನು ಜಿಪ್ಪಿನ ಹಲ್ಲು ನೋಡುತ್ತಿದ್ದಾಗಲೇ, ತುಂಬಿಹೋಗಿದ್ದವಂತೆ.

"ಅಂಕಲ್," ಎಂದ ಪಕ್ಕದಲ್ಲಿದ್ದ ಜಬ್ಬಾರ್, ನೆಲ ನೋಡುತ್ತ, "ಅವತ್ತು ನಾನು ಕೇಳೋಕ್ ಬಂದಿದ್ದೇ ಇದು."

ಮರದ ನೆರಳಿನಿಂದ ನೀಲಗಂಗಾ ಕೈ ಬೀಸಿದಳು. ನಾನೂ ಬೀಸಿದೆ. ಹತ್ತಿರ ಹೋದಾಗ ನಿಜ ಹೇಳಲು ನಾಲಿಗೆ ಏಳಲಿಲ್ಲ.

"ನಿಮ್ಮ ಸರದಿ ಯಾವಾಗ ರೀ?"

"ಕೊನೆಗೆ."

"ಯಾಕೆ ಕೊನೆಗೆ?"

"ಹಿರಿಯರನ್ನ ಕೊನೆಗೇ ಕರೆಯೋದು. ಸಭೆಯಲ್ಲಿ ಅಧ್ಯಕ್ಷರ ಭಾಷಣ ಇರಲ್ವಾ, ಹಂಗೆ."

"ಹಂಗಾದ್ರೆ ಅಷ್ಟೊತ್ತಿಗೆ ಎಲ್ಲಾ ಎದ್ದು ಹೋಗಿರ್ತಾರೆ," ಎಂದಳು. ಆದರೂ ನಂಬಿದಳು. ಅದೇ ನನಗೆ ಹೆಚ್ಚು ಚುಚ್ಚಿತು.

ಆ ದಿನ ಜಬ್ಬಾರನ ಗುಂಪಿನ ಹಿಂದೆ, ಒಂದು ಗುಂಡನ್ನೂ ಹಾರಿಸದೆ, ಇಡೀ ಅಂಬಾರಿಯನ್ನು ಹೊತ್ತು ಗುಡ್ಡ ಹತ್ತಿದೆ, ಗುಡ್ಡ ಇಳಿದೆ. ಪ್ರತಿ ಜಾಗದಲ್ಲೂ ಸ್ಟೂಲ್ ಬಿಡಿಸುವುದು, ಛತ್ರಿ ಅರಳಿಸುವುದು, ಕಾಫಿ ಬಗ್ಗಿಸುವುದು. ನೀಲಗಂಗಾ ಕಿವಿಗೆ ಇಯರ್‌ಮಫ್ ಹಾಕಿಕೊಂಡು ಮಹಾರಾಣಿಯ ಹಾಗೆ ಕೂತು, ಹೊಡೆಯುವವರನ್ನೆಲ್ಲ ಎವೆಯಿಕ್ಕದೆ ನೋಡಿದಳು. ಕಂಡವರಿಗೆಲ್ಲ, "ಪರವಾಗಿಲ್ಲ ಕಣಪ್ಪ!" ಎಂದಳು. ಯಾರೋ ಕೆಂಪು ಟೋಪಿಯ ಹುಡುಗನಿಗೆ! ಯಾರೋ ಎತ್ತರದ ಮುದುಕನಿಗೆ! ಅದು ನನಗೆಂದು ಇಷ್ಟು ವರ್ಷ ಕಾದಿರಿಸಿದ ಮಾತು. ಎಲ್ಲರೂ ಆಡುವ ಬಯಲಿನಲ್ಲಿ ನನ್ನ ರೈಫಲ್ ಮಾತ್ರ ಬೆನ್ನಿನ ಮೇಲೆ, ಗದರಿಸಿ ಕೂರಿಸಿದ ಮಗುವಿನ ಹಾಗೆ ಸುಮ್ಮನಿತ್ತು.

ಬಿಸಿಲು ಇಳಿಯಿತು. ಮ್ಯಾಚ್ ಮುಗಿಯಿತು. ಜಬ್ಬಾರ್ ಗಡ್ಡದ ಡೈರೆಕ್ಟರ್ ಬಳಿ ಹೋಗಿ ಏನೇನೋ ಬೇಡಿಕೊಂಡ. ಗಡ್ಡದವನು ನನ್ನನ್ನು ನೋಡಿದ, ನನ್ನ ಬ್ಯಾಗನ್ನು ನೋಡಿದ, ತಳದಲ್ಲಿದ್ದ ಕುಣಿಕೆ ಮತ್ತು ಮರದಡಿಯ ಸ್ಟೂಲನ್ನೂ ನೋಡಿದನೋ ಏನೋ, ಒಂದು ಬೆರಳೆತ್ತಿದ. ಒಂದೇ ಒಂದು ಗುಂಡು.

ನೀಲಗಂಗಾಳ ಸ್ಟೂಲಿನ ಪಕ್ಕದಲ್ಲಿ ಬ್ಯಾಗಿಳಿಸಿ, ರೈಫಲ್ ತೆಗೆದು, ಕೆಂಪು ಮಣ್ಣಿನ ಮೇಲೆ ಹೊಟ್ಟೆಯೂರಿ ಮಲಗಿದೆ. ಅತ್ತ ದೂರದ ಇಳಿಜಾರಿನಲ್ಲಿ ಬಿಳಿ ತಟ್ಟೆ, ಬೇಳೆಯಷ್ಟು. ಹುಲ್ಲು ಎಡಕ್ಕೆ ಬಾಗುತ್ತಿತ್ತು. ಗಾಳಿಗೆ ಅಷ್ಟು ಬಿಟ್ಟುಕೊಟ್ಟೆ. ಎದೆಯ ಸದ್ದು ನೆಲದೊಳಗಿಂದ ಬಂದ ಹಾಗಿತ್ತು. ಹಿಂದೆ ಅವಳಿದ್ದಾಳೆ ಎಂಬುದೊಂದೇ ತಲೆಯಲ್ಲಿ. ಉಸಿರು ಬಿಟ್ಟೆ, ಅರ್ಧಕ್ಕೆ ನಿಲ್ಲಿಸಿದೆ, ಬೆರಳು ಮಡಿಸಿದೆ.

ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಆ ಇಳಿಜಾರಿನಿಂದ ನಿಧಾನವಾಗಿ, ಸ್ಪಷ್ಟವಾಗಿ: ಟಣ್.

ಗಡ್ಡದವನು ಶಿಳ್ಳೆ ಹಾಕಿದ. ಕೆಂಪು ಟೋಪಿಯ ಹುಡುಗ ಚಪ್ಪಾಳೆ ತಟ್ಟಿದ. "ಸೂಪರ್ ಅಂಕಲ್!" ಎಂದು ಜಬ್ಬಾರ್ ಕೂಗಿದ. ನನ್ನ ತಲೆ ತಾನಾಗಿ ಹಿಂದಕ್ಕೆ ತಿರುಗಿತು.

ಸ್ಟೂಲ್ ಖಾಲಿ. ಅದರ ಪಕ್ಕದಲ್ಲಿ, ಇಬ್ಭಾಗವಾಗಿ ತೆರೆದಿದ್ದ ನನ್ನ ಬ್ಯಾಗಿನೊಳಗೆ ಮೊಣಕೈವರೆಗೂ ಕೈ ಹಾಕಿ, ನಮಗೆಲ್ಲ ಬೆನ್ನು ಮಾಡಿ, ಇಯರ್‌ಮಫ್ಫಿನಡಿಯಲ್ಲಿ ಲೋಕವನ್ನೇ ಮರೆತು, ನೀಲಗಂಗಾ ಒಂದೊಂದೇ ಜೇಬನ್ನು ತಡಕುತ್ತಿದ್ದಳು. ಕೊನೆಗೆ ಯಾವುದೋ ಮರಿಜೇಬಿನಿಂದ ಒಂದು ಪೊಟ್ಟಣ ಎಳೆದು, ಗೆದ್ದ ಮುಖದಿಂದ ಎದ್ದು ನಿಂತು, ಒಂದು ಕಿವಿಯನ್ನು ಬಿಡಿಸಿಕೊಂಡಳು.

"ಸಿಕ್ತು ಕಣ್ರೀ! ಅದೆಷ್ಟು ಜೇಬು ಇಟ್ಟಿದಾರ್ರೀ ಇದಕ್ಕೆ?" ಎನ್ನುತ್ತ ಬಂದು, ಮಲಗಿದ್ದವನ ಬಾಯಿಗೇ ಒಂದು ಕೋಡುಬಳೆ ಹಿಡಿದಳು. "ಇದನ್ನ ತಿಂದು ಶುರು ಮಾಡಿ. ಎಲ್ಲಾರ್ದೂ ಮುಗೀತಲ್ಲ, ಇನ್ನು ನಿಮ್ಮದೇ. ನಾನು ರೆಪ್ಪೆ ಮಿಟುಕಿಸದೆ ನೋಡ್ತೀನಿ."